ಹಲ್ಲತ್ ಸಿದ್ರ, ಸೈಟು ನಂಬರ್ ನಲವತ್ತಾರು

ಹಲ್ಲತ್ ಸಿದ್ರ, ಮಸ್ಕತ್
11 ಅಕ್ಟೋಬರ್ 2024

ಪ್ರೀತಿಯ ಮೂರ್ತಿ ಅಂಕಲ್‌ಗೆ ಅಕ್ಷಿತಾಳ ನಮಸ್ಕಾರಗಳು.

ಕೊನೆಗೂ ರೂವಿ ಬಿಟ್ಟೆವು. ಕೆಳಗೆ ನೀವು, ಮೇಲೆ ನಾವು ಇದ್ದ ಆ ಹಳೆಯ ಕಟ್ಟಡದಲ್ಲೇ ನಾನು ಬೆಳೆದದ್ದು, ಮದುವೆಯಾದ ಮೇಲೆ ಮತ್ತೆ ಅಲ್ಲಿಗೇ ಬಂದದ್ದು. ಈಗ ಕೀರ್ತನ್‌ಗೆ ಬರ್ಕಾದ ಗೋದಾಮಿನಲ್ಲಿ ಕೆಲಸ. ದಿನವೂ ಹೋಗಿ ಬರುವಷ್ಟರಲ್ಲಿ ಸುಸ್ತಾಗಿ, ಮಗಳ ಜೊತೆ ಎರಡು ಮಾತಾಡಲೂ ಅವರಿಗೆ ತ್ರಾಣ ಇರುತ್ತಿರಲಿಲ್ಲ. ಹಾಗಾಗಿ ಈ ಕಡೆ ಬಂದೆವು.

ಫೋನಿನಲ್ಲೇ ಹೇಳೋಣವೆಂದಿದ್ದೆ. ನಿಮ್ಮ ಕಿವಿ ಪೂರ್ತಿ ಹೋಗಿದೆ, ಮೆಷಿನ್ ಹಾಕಿದರೂ ಕೇಳುವುದಿಲ್ಲ ಎಂದು ಮೈಸೂರಿನಿಂದ ನಿಮ್ಮ ತಂಗಿಯ ಮಗ ಕಿಶೋರ್ ತಿಳಿಸಿದರು. "ನೀವು ಮೇಲ್ ಮಾಡಿ, ನಾನು ಪ್ರಿಂಟ್ ತೆಗೆದು ಕೊಡ್ತೀನಿ. ಮಾವ ಬರೆದದ್ದನ್ನ ಫೋಟೋ ತೆಗೆದು ಕಳಿಸ್ತೀನಿ" ಎಂದರು.

ನಿಮಗೆ ಬರೆಯಲೇಬೇಕು ಎನಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಮನೆ ಮಾಲೀಕ ಝಕರಿಯಾ ಎಂಬ ಒಮಾನಿ. ಸರ್ಕಾರದ ಲಾಟರಿಯಲ್ಲಿ ಸೈಟು ಬಂದು ಹದಿನಾಲ್ಕು ವರ್ಷ ಕಾದು ಕಟ್ಟಿಸಿದ ಮನೆಯಂತೆ. ಒಪ್ಪಂದಕ್ಕೆ ಸಹಿ ಹಾಕುವ ದಿನ ಅವರು ಬಡಾವಣೆಯ ಹಳೆಯ ನಕ್ಷೆಯ ಪ್ರತಿ ಹರಡಿ ನಮ್ಮ ಸೈಟು ತೋರಿಸಿದರು. ಮೂಲೆಯಲ್ಲಿ ನೋಡುತ್ತೇನೆ, ನಿಮ್ಮ ಸಹಿ! ಆ ಉದ್ದ ಬಾಲದ 'ಮೂರ್ತಿ'. ನನ್ನ ಮಾರ್ಕ್ಸ್ ಕಾರ್ಡಿಗೆ ಅಪ್ಪ ಊರಿಗೆ ಹೋಗಿದ್ದಾಗ ನೀವು ಹಾಕಿದ್ದಿರಲ್ಲ, ಅದೇ ಸಹಿ. "ಇವರು ನಮ್ಮ ಅಂಕಲ್" ಎಂದೆ. ಝಕರಿಯಾ ಎದ್ದು ನಿಂತು ಕೈ ಕುಲುಕಿದರು.

ನಾವು ಮೇಲಿನ ಮಹಡಿ. ಕೆಳಗೆ ಜೋಸ್ಲಿನ್ ಎಂಬ ನರ್ಸ್, ಮಂಗಳೂರಿನವರು. ಹಿಂದಿನ ಸಾಲಿನಲ್ಲಿ ಮನೆಯೊಂದು ಏಳುತ್ತಿದೆ. ಅದರ ಕಾವಲಿಗೆ ವಿಕ್ಟರ್ ಎಂಬ ವಯಸ್ಸಾದವರು ತಗಡಿನ ಶೆಡ್ಡಿನಲ್ಲಿದ್ದಾರೆ. ನಮ್ಮ ಅಪೇಕ್ಷಾಳಿಗೆ ಏಳು ವರ್ಷ. ಅವರಿಗೂ ಅವಳಿಗೂ ಎರಡೇ ದಿನದಲ್ಲಿ ದೋಸ್ತಿ. ಕಿಟಕಿ ತೆಗೆದರೆ ಎದುರಿಗೇ ಬೆಟ್ಟ, ಒಂದು ಹುಲ್ಲುಕಡ್ಡಿಯಿಲ್ಲದ ಕಂದು ಬೆಟ್ಟ. ನೀವು ಅಳೆದ ನೆಲದ ಮೇಲೆ ನಾವು ಮಲಗುತ್ತೇವೆ ಅಂಕಲ್. ನನಗೆ ಅದೊಂದು ಧೈರ್ಯ.

ನಿಮ್ಮ,
ಅಕ್ಷಿತಾ


ಮೈಸೂರು
29 ಅಕ್ಟೋಬರ್ 2024

ಚಿ. ಸೌ. ಅಕ್ಷಿತಾಳಿಗೆ ಮೂರ್ತಿ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸಂತೋಷ. ನಾನು ಒಮಾನಿನಲ್ಲಿದ್ದ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ನಕ್ಷೆಗಳಿಗೆ ಸಹಿ ಹಾಕಿದ್ದೇನೆ. ಈ ಬಡಾವಣೆ ನೆನಪಿಗೆ ಬರುತ್ತಿಲ್ಲ.

ಮಸ್ಕತ್ ಊರು ಉದ್ದಕ್ಕೆ ಬೆಳೆಯುತ್ತದೆಯೇ ಹೊರತು ಅಗಲಕ್ಕಲ್ಲ. ಒಂದು ಕಡೆ ಬೆಟ್ಟ ಬಿಡುವುದಿಲ್ಲ, ಇನ್ನೊಂದು ಕಡೆ ಸಮುದ್ರ ಬಿಡುವುದಿಲ್ಲ. ನಡುವಿನ ಪಟ್ಟಿಯಲ್ಲಿ ಜನ ಜಾಸ್ತಿಯಾದಂತೆ ಸೈಟುಗಳು ಬೆಟ್ಟದ ಬುಡಕ್ಕೆ ಸರಿದವು. ನಮ್ಮ ಕಾಲದಲ್ಲಿ ಅಲ್ಲೆಲ್ಲ ಆಡು ಮೇಯುತ್ತಿದ್ದವು.

ನಿಮ್ಮ ಸೈಟಿನ ನಂಬರ್ ಎಷ್ಟು? ಮನೆಯ ಹಿಂಭಾಗ ಯಾವ ದಿಕ್ಕಿಗಿದೆ? ಮಗುವನ್ನು ಹಿಂದಿನ ಕೋಣೆಯಲ್ಲಿ ಮಲಗಿಸಬೇಡ, ಮುಂದಿನದರಲ್ಲಿ ಮಲಗಿಸು. ಸುಮ್ಮನೆ ಹೇಳಿದೆ.

ಶುಭಾಶೀರ್ವಾದಗಳೊಂದಿಗೆ,
ಶ್ರೀನಿವಾಸಮೂರ್ತಿ


ಹಲ್ಲತ್ ಸಿದ್ರ
15 ನವೆಂಬರ್ 2024

ಪ್ರೀತಿಯ ಮೂರ್ತಿ ಅಂಕಲ್,

ನಿಮ್ಮ ಕಾಗದ ಓದಿ ಕೀರ್ತನ್ ನಕ್ಕದ್ದೇ ನಕ್ಕದ್ದು. "ನಿನ್ನ ಅಂಕಲ್ ರಿಟೈರ್ ಆದ ಮೇಲೆ ವಾಸ್ತು ಕಲ್ತಿದ್ದಾರಾ ಹೇಗೆ?" ಅಂದರು. ನಂಬರ್ ನಲವತ್ತಾರು. ಹಿಂಭಾಗ ಬೆಟ್ಟದ ಕಡೆಗೆ. ವಾಸ್ತು ಹೇಗುಂಟು ಹೇಳಿ ಈಗ.

ಅಪೇಕ್ಷಾಳನ್ನು ಮುಂದಿನ ಕೋಣೆಗೆ ತಂದಿದ್ದೇನೆ, ನಿಮ್ಮ ಮಾತು ಮೀರಬಾರದೆಂದು. ಕೆಳಗೆ ಜೋಸ್ಲಿನ್ ಅವರ ಹಿಂದಿನ ಕೋಣೆ ಮಾತ್ರ ವಿಚಿತ್ರ. ಎಲ್ಲ ಕಡೆ ಒಣಗಿ ಬಿರಿಯುವ ಈ ಊರಿನಲ್ಲಿ ಆ ಕೋಣೆಯ ನೆಲ ತಣ್ಣಗೆ ಬೆವರುತ್ತದೆ. ನಾಲ್ಕೂ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಬಿಳಿ ಉಪ್ಪಿನ ಗೆರೆಯೊಂದು ಎದ್ದಿದೆ, ಯಾರೋ ಮಟ್ಟ ಹಿಡಿದು ಎಳೆದ ಹಾಗೆ, ಒಂದಿಷ್ಟೂ ಓರೆಯಿಲ್ಲ. ಎರಡು ಸಲ ಬಣ್ಣ ಬಳಿಸಿದರು. ಎರಡು ಸಲವೂ ಅಲ್ಲೇ ಎದ್ದಿತು. ಝಕರಿಯಾ ಬಂದು ನೋಡಿ "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ" ಎಂದು ಹೋದರು. ಆದರೆ ಹೋಗುವಾಗ ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತದ್ದನ್ನು ನಾನು ನೋಡಿದೆ.

ಇನ್ನೊಂದು ವಿಷಯ. ಜೋಸ್ಲಿನ್‌ಗೆ ಹೇಳಿದರೆ ಹೆದರುತ್ತಾರೆಂದು ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಪ್ರತಿ ಶುಕ್ರವಾರ ಮಧ್ಯಾಹ್ನ ಹಿಂದಿನ ಕಾಂಪೌಂಡ್ ಗೋಡೆಯ ಆಚೆ ಒಬ್ಬ ಬಂದು ನಿಲ್ಲುತ್ತಾನೆ. ನಮ್ಮ ಕಡೆಯವನ ಹಾಗೆ ಕಾಣುತ್ತಾನೆ, ಸಣಕಲು, ಇಪ್ಪತ್ತೈದರ ಒಳಗಿನ ವಯಸ್ಸು. ಮನೆ ನೋಡುವುದಿಲ್ಲ, ಫೋನ್ ನೋಡುವುದಿಲ್ಲ. ನೆಲ ನೋಡುತ್ತಾನೆ. ಅರ್ಧ ಗಂಟೆ ಹಾಗೇ ನಿಂತಿರುತ್ತಾನೆ, ಬಿಸಿಲಲ್ಲಿ. ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಇರುವುದಿಲ್ಲ.

ನೀವು ಆರೋಗ್ಯ ನೋಡಿಕೊಳ್ಳಿ.

ಅಕ್ಷಿತಾ


ಮೈಸೂರು
20 ಜನವರಿ 2025

ಚಿ. ಸೌ. ಅಕ್ಷಿತಾಳಿಗೆ ಆಶೀರ್ವಾದಗಳು.

ಎರಡು ತಿಂಗಳು ಬರೆಯಲಾಗಲಿಲ್ಲ, ಕ್ಷಮಿಸು. ಮೈ ಸರಿಯಿರಲಿಲ್ಲ. ಕಿವಿ ಹೋದವನಿಗೆ ಜಗತ್ತು ನಿಶ್ಶಬ್ದವಾಗಿರುತ್ತದೆ ಎಂದು ಜನ ತಿಳಿದಿದ್ದಾರೆ. ನನಗೆ ಹಾಗಿಲ್ಲ. ದೂರದಲ್ಲೆಲ್ಲೋ ಕಲ್ಲುಗಳು ಒಂದರ ಮೇಲೊಂದು ಉರುಳುತ್ತಿರುವಂತೆ ಸದ್ದು. ಡಾಕ್ಟರು ನರದ ದೋಷ ಎನ್ನುತ್ತಾರೆ.

ಒಂದು ಪ್ರಶ್ನೆ ಕೇಳುತ್ತೇನೆ, ಹುಚ್ಚು ಎಂದುಕೊಳ್ಳಬೇಡ. ಗೋಡೆಯ ಆಚೆ ನಿಲ್ಲುವವನ ಎಡಗೈ ಸೊಂಟದ ಮೇಲಿರುತ್ತದೆಯೇ? ಬಲಗೈ ಏನನ್ನೋ ಹಿಡಿದಂತೆ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆಯೇ?

ಅವನನ್ನು ಮಾತಾಡಿಸಬೇಡ. ಸಾಧ್ಯವಾದರೆ ಆ ಮನೆ ಬಿಟ್ಟು ಬೇರೆ ಕಡೆ ನೋಡಿ. ಕಾರಣ ಕೇಳಬೇಡ. ಈ ಪತ್ರವನ್ನು ಕಿಶೋರನೇ ಫೋಟೋ ತೆಗೆಯಬೇಕು, ಅವನ ಕಣ್ಣಿಗೆ ಬೀಳುವಂತೆ ಹೆಚ್ಚು ಬರೆಯಲಾರೆ.

ಶ್ರೀನಿವಾಸಮೂರ್ತಿ


ಹಲ್ಲತ್ ಸಿದ್ರ
25 ಜನವರಿ 2025

ಮೂರ್ತಿ ಅಂಕಲ್,

ನಿನ್ನೆ ಶುಕ್ರವಾರ. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಎಡಗೈ ಸೊಂಟದ ಮೇಲಿತ್ತು.

ನಿಮಗೆ ಹೇಗೆ ಗೊತ್ತು?

ಒಲೆಯ ಮೇಲೆ ಸಾರು ಉಕ್ಕಿ ಹೋಗುವವರೆಗೂ ನನಗೆ ಕಿಟಕಿಯಿಂದ ಕದಲಲು ಆಗಲಿಲ್ಲ. ಕೀರ್ತನ್‌ಗೆ ನಿಮ್ಮ ಕಾಗದ ತೋರಿಸಿದರೆ ಅವರಿಗೆ ಸಿಟ್ಟು ಬಂತು. "ವಯಸ್ಸಾದವರು ಏನೋ ಬರೀತಾರೆ, ನೀನು ಕೂತು ಹೆದರು. ಒಂದು ವರ್ಷದ ಅಗ್ರಿಮೆಂಟ್ ಉಂಟು, ಮಗುವಿನ ಶಾಲೆ ಬಸ್ಸು ಸೆಟ್ ಆಗಿದೆ. ಖಲಾಸ್, ಇನ್ನು ಈ ಮಾತು ಬೇಡ" ಎಂದರು. ಅವರು ಹೇಳುವುದೂ ಸರಿಯೇ. ಮನೆ ಬಿಡಿ ಎಂದು ಹೇಳಿ ಕಾರಣ ಕೇಳಬೇಡ ಎಂದರೆ ಹೇಗೆ ಅಂಕಲ್? ನಾನು ಈಗ ನಿಮ್ಮ ಮಡಿಲಲ್ಲಿ ಕೂತು ಕಥೆ ಕೇಳುತ್ತಿದ್ದ ಹುಡುಗಿಯಲ್ಲ.

ದಯವಿಟ್ಟು ಬರೆಯಿರಿ.

ಅಕ್ಷಿತಾ


ಹಲ್ಲತ್ ಸಿದ್ರ
16 ಫೆಬ್ರವರಿ 2025

ಮೂರ್ತಿ ಅಂಕಲ್,

ನಿಮ್ಮ ಉತ್ತರ ಬರಲಿಲ್ಲ. ನಾನೇ ಹೋಗಿ ಮಾತಾಡಿಸಿದೆ.

ಮೊನ್ನೆ ಶುಕ್ರವಾರ ಅವನು ಬರುವ ಮೊದಲೇ ಕೆಳಗಿಳಿದು, ವಿಕ್ಟರ್ ಅವರ ಶೆಡ್ಡಿನ ನೆರಳಲ್ಲಿ ಕೂತಿದ್ದೆ. ಬಂದ. ಹತ್ತಿರ ಹೋದೆ. ಓಡಲಿಲ್ಲ. "ಅಕ್ಕಾ, ನಾನು ಕಳ್ಳ ಅಲ್ಲ" ಎಂದ, ನಾನು ಕೇಳುವ ಮೊದಲೇ. ಎಂಥ ಪಾಪದ ಸ್ವರ ಅಂಕಲ್.

ಅವನ ಹೆಸರು ಲಕ್ಷಿತ್. ಬೆಳ್ತಂಗಡಿ ಹತ್ತಿರದವನು, ಇಲ್ಲಿ ಎ.ಸಿ. ರಿಪೇರಿ ಕೆಲಸ. ಅವನ ಅಪ್ಪ ಅಂಗಾರ ಎಂಬವರು ನಿಮ್ಮ ಕಂಪನಿಯಲ್ಲೇ ಇದ್ದರಂತೆ. ಸರ್ವೆ ಮಾಡುವಾಗ ಅಳತೆಯ ಕೋಲು ಹಿಡಿಯುವ ಕೆಲಸ. ಇವನು ಎಂಟು ತಿಂಗಳ ಮಗುವಾಗಿದ್ದಾಗ ವಾದಿಯ, ಅಂದರೆ ಬೆಟ್ಟದಿಂದ ಇಳಿಯುವ ಒಣ ಹೊಳೆಯ, ನೀರಿನಲ್ಲಿ ಹೋದರಂತೆ. ಬರ್ಕಾ ಕಡೆಯ ಹೆದ್ದಾರಿ ಸೇತುವೆಯ ಹತ್ತಿರ, ರಜೆಯ ದಿನ ತನ್ನಷ್ಟಕ್ಕೆ ಸ್ನಾನಕ್ಕೆ ಇಳಿದಿದ್ದ ಎಂದು ಕಂಪನಿಯ ಕಾಗದದಲ್ಲಿದೆ.

"ಅಮ್ಮ ಅದನ್ನು ನಂಬಲೇ ಇಲ್ಲ ಅಕ್ಕಾ. ಅಪ್ಪನಿಗೆ ನೀರು ಅಂದ್ರೆ ಹೆದರಿಕೆ ಅಂತೆ. ಊರಿನ ತೋಡಿಗೂ ಇಳೀತಿರ್ಲಿಲ್ಲ ಅಂತೆ. ಆದ್ರೆ ಊರವರು ಬಿಡ್ತಾರಾ? ಹೆಂಡತಿ ಮಗು ಬಿಟ್ಟು ಹೋದವ ನೀರಲ್ಲಿ ಆಟ ಆಡ್ಲಿಕ್ಕೆ ಹೋಗಿ ಸತ್ತ ಅಂತ ಹೇಳಿದ್ರು."

ಅವರ ಮನೆಯಲ್ಲಿ ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಪದ್ಧತಿ. ಸತ್ತ ಜಾಗದ ಹೆಸರು ಹಿಡಿದು, ಅಲ್ಲಿಂದ ಬಾ ಎಂದು ಕರೆಯಬೇಕಂತೆ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಆ ಸೇತುವೆಯ ಹೆಸರು ಹಿಡಿದು ಕರೆದಿದ್ದಾರೆ. ಒಂದು ವರ್ಷವೂ ಬಂದ ಗುರುತಿಲ್ಲ. "ಬೇರೆಯವರ ಎಲೆ ಕಾಗೆ ಮುಟ್ತದೆ, ಅಪ್ಪನದ್ದು ಮುಟ್ಟುವುದೇ ಇಲ್ಲ" ಎಂದ.

ಇಲ್ಲಿಗೆ ಬಂದ ಮೇಲೆ ಅವನು ಆ ಸೇತುವೆ ಹುಡುಕಿ ಹೋಗಿದ್ದ. ಹೂವಿಟ್ಟು ಬಂದಿದ್ದ. ಕಳೆದ ವರ್ಷ ಬರ್ಕಾದ ಒಂದು ಕೆಫೆಟೇರಿಯಾದಲ್ಲಿ ಮಾತಿಗೆ ಮಾತು ಬಂದು, ಅದರ ಮಾಲೀಕರು ನಿಮ್ಮ ಹಳೆಯ ಪಿಕಪ್ ಡ್ರೈವರ್ ಮಹ್ರೂಫ್ ಎಂದು ಗೊತ್ತಾಯಿತಂತೆ. ಅವರು ಇವನ ಮುಖ ನೋಡಿಯೇ ಚಹಾದ ಗ್ಲಾಸು ಕೆಳಗಿಟ್ಟರಂತೆ. "ನಿನ್ನ ಅಪ್ಪ ಸೇತುವೆಯಲ್ಲಿ ಸತ್ತದ್ದಲ್ಲ ಮಾರಾಯ. ಸಿದ್ರದಲ್ಲಿ. ಬೆಳಿಗ್ಗೆ ನಾನೇ ಅಲ್ಲಿ ಬಿಟ್ಟು ಜುಮ್ಮಾ ನಮಾಜಿಗೆ ಹೋಗಿದ್ದೆ. ಸರಿಯಾಗಿ ಎಲ್ಲಿ ಅಂತ ನಂಗೆ ಗೊತ್ತಿಲ್ಲ. ಮೂರ್ತಿ ಸರ್‌ಗೆ ಗೊತ್ತು" ಎಂದರಂತೆ.

ಅಂಕಲ್, ನೀವು ಎಡಗೈ ಬಗ್ಗೆ ಕೇಳಿದ್ದು ಯಾಕೆಂದು ಈಗ ಅರ್ಥವಾಯಿತು. ಅಪ್ಪನನ್ನು ನೋಡಿಯೇ ಇಲ್ಲದ ಮಗ ಅವರಂತೆಯೇ ನಿಲ್ಲುತ್ತಾನೆ. ನೀವು ಹೆದರಿದ್ದೀರಿ. ಹೆದರಬೇಡಿ, ಇವನು ಜೀವಂತ ಮನುಷ್ಯ. ಮೇಲೆ ಕರೆದು ಊಟ ಹಾಕಿದೆ.

ಅವನಿಗೆ ಬೇಕಾದದ್ದು ಒಂದೇ, ಜಾಗ. ಇಲ್ಲಿ ಈಗ ಇನ್ನೂರು ಮನೆಗಳಿವೆ, ಎಲ್ಲಿ ಎಂದು ನಿಲ್ಲುವುದು? ಯಾಕೋ ಕಾಲು ನಮ್ಮ ಗೋಡೆಯ ಹತ್ತಿರವೇ ಬಂದು ನಿಲ್ಲುತ್ತದಂತೆ, ಆದರೆ ಖಚಿತವಿಲ್ಲ. ನಿಮಗೆ ನೆನಪಿದ್ದರೆ ಬರೆಯಿರಿ.

ಅಕ್ಷಿತಾ


ಮೈಸೂರು
24 ಫೆಬ್ರವರಿ 2025

ಚಿ. ಸೌ. ಅಕ್ಷಿತಾಳಿಗೆ,

ಅಂಗಾರ ಎಂಬ ಹುಡುಗ ನಮ್ಮಲ್ಲಿದ್ದದ್ದು ನಿಜ. ಒಳ್ಳೆಯ ಕೆಲಸಗಾರ. ಅವನ ಸಾವಿನ ವಿವರ ಕಂಪನಿಯ ಕಾಗದದಲ್ಲಿ ಇರುವಂತೆಯೇ. ಮಹ್ರೂಫ್‌ಗೆ ವಯಸ್ಸಾಗಿದೆ, ಎರಡು ಬೇರೆ ದಿನಗಳನ್ನು ಕಲಸಿಕೊಂಡಿರಬಹುದು. ಆ ಹುಡುಗನಿಗೆ ಇದನ್ನು ಇಲ್ಲಿಗೇ ಬಿಡಲು ಹೇಳು. ಹಳೆಯ ಗಾಯ ಕೆರೆಯುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಮಳೆ ಬಂದರೆ ಮಾತ್ರ ಮನೆಯಲ್ಲಿರಬೇಡಿ. ಮಗುವನ್ನು ಕರೆದುಕೊಂಡು ರೂವಿಗೆ ಹೋಗಿಬಿಡಿ.

ಶ್ರೀನಿವಾಸಮೂರ್ತಿ


(ಸ್ಪೀಡ್ ಪೋಸ್ಟ್)
ಮೈಸೂರು
27 ಫೆಬ್ರವರಿ 2025

ಅಕ್ಷಿತಾ,

ಇದನ್ನು ಕಿಶೋರನ ಕೈಗೆ ಕೊಟ್ಟಿಲ್ಲ. ನಾನೇ ಅಂಚೆ ಕಚೇರಿಗೆ ನಡೆದು ಹೋಗಿ ಹಾಕುತ್ತಿದ್ದೇನೆ. ಮೂರು ದಿನದ ಹಿಂದೆ ಬರೆದದ್ದು ಸುಳ್ಳು.

2002ರ ಜನವರಿ, ಶುಕ್ರವಾರ. ಶನಿವಾರ ನಕ್ಷೆ ಒಪ್ಪಿಸಬೇಕಿತ್ತು. ರಜೆಯ ದಿನವಾದರೂ ಅಂಗಾರನನ್ನು ಕರೆದುಕೊಂಡು ಹೋದವನು ನಾನು. ಸಿದ್ರದಲ್ಲಿ ಆಗ ಒಂದೂ ಮನೆಯಿರಲಿಲ್ಲ. ಬೆಟ್ಟದ ಮೇಲೆ ಮೋಡವಿತ್ತು, ನಮ್ಮ ತಲೆಯ ಮೇಲೆ ಬಿಸಿಲಿತ್ತು. ಆಡು ಮೇಯಿಸುವ ಹೆಂಗಸೊಬ್ಬಳು ದೂರದ ದಿಬ್ಬದಿಂದ ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದಳು. ಆಡು ಹೆದರುತ್ತವೆ ಎಂದು ಬಯ್ಯುತ್ತಿದ್ದಾಳೆ ಅಂದುಕೊಂಡೆ.

ಒಂದು ಗೂಟ ಬಾಕಿ ಇತ್ತು, ಒಣ ಹರಿವಿನ ನಟ್ಟನಡುವೆ. ಅಂಗಾರ ಮೋಡ ನೋಡಿ, "ಸರ್, ನಾಳೆ ಮಾಡುವನಾ?" ಎಂದ. "ಒಂದೇ ಗೂಟ ಕಣಯ್ಯಾ, ಹೋಗು" ಎಂದೆ. ಹೋಗಿ ಕೋಲು ನಿಲ್ಲಿಸಿದ, ಬಲಗೈಯಲ್ಲಿ ಕೋಲು, ಎಡಗೈ ಸೊಂಟದ ಮೇಲೆ. ನಾನು ದುರ್ಬೀನಿನಲ್ಲಿ ಅಂಕಿ ಓದುತ್ತಿದ್ದೆ. ಮೊದಲು ಸದ್ದು ಬಂತು, ಕಲ್ಲುಗಳು ಉರುಳುವ ಸದ್ದು. ಮಳೆಯಿಲ್ಲ, ಗಾಳಿಯಿಲ್ಲ. ತಲೆಯೆತ್ತುವಷ್ಟರಲ್ಲಿ ನೀರು ಅವನ ಮೊಣಕಾಲಿಗೆ ಬಂದಿತ್ತು, ಮತ್ತೊಂದು ಉಸಿರಿಗೆ ಎದೆಗೆ. ಅವನು ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದ. ಹಿಂದಿನ ವಾರ ಕೋಲಿಗೆ ಗೀರು ಬಿತ್ತೆಂದು ನಾನು ಬಯ್ದಿದ್ದೆ. "ಬಿಡೋ, ಅದನ್ನ ಬಿಡೋ" ಎಂದು ಕೂಗಿದೆ. ಬಿಡಲಿಲ್ಲ. ಕೊನೆಗೆ ಕಂಡದ್ದು ಕೋಲಿನ ತುದಿ.

ಎರಡು ದಿನದ ಮೇಲೆ ದೇಹ ಹೆದ್ದಾರಿ ಸೇತುವೆಯ ಹತ್ತಿರ ಸಿಕ್ಕಿತು. ಇಲ್ಲೇ ಸುಟ್ಟು ಬೂದಿ ಊರಿಗೆ ಕಳಿಸಿದರು.

ನಾವು ಆಗಲೇ ಕೊಟ್ಟಿದ್ದ ಕರಡಿನಲ್ಲಿ ನೀರಿನ ದಾರಿಯನ್ನು ಬಹಳ ಪೂರ್ವಕ್ಕೆ ತೋರಿಸಿದ್ದೆವು. ಅಂದು ನೀರು ನನ್ನ ಕಣ್ಣೆದುರು ತನ್ನ ಗಡಿ ತಾನೇ ತೋರಿಸಿಕೊಟ್ಟಿತು. ನಲವತ್ತೊಂದರಿಂದ ನಲವತ್ತೆಂಟರವರೆಗಿನ ಸೈಟುಗಳು ಅದರ ಹೊಟ್ಟೆಯಲ್ಲಿದ್ದವು. ಅಂಗಾರ ಸಿದ್ರದಲ್ಲಿ ಸತ್ತನೆಂದು ಬರೆದರೆ ಬಡಾವಣೆ ನಿಲ್ಲುತ್ತಿತ್ತು, ರಜೆಯ ದಿನ ಮೋಡ ಕಂಡೂ ಅವನನ್ನು ಇಳಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. "ದೇಹ ಸಿಕ್ಕಿದ್ದು ಸೇತುವೆ ಹತ್ತಿರ ಅಲ್ಲವೇ" ಎಂದು ಹೇಳಿದವನು ನಾನು. ಸ್ನಾನದ ಮಾತು ಸೇರಿಸಿದವನೂ ನಾನೇ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಆಮೇಲೆ ನಕ್ಷೆಗೆ ಸಹಿ ಹಾಕಿದೆ.

ಆ ಕೊನೆಯ ಗೂಟ ನಿಮ್ಮ ಸೈಟಿನ ಹಿಂದಿನ ಗೋಡೆಯಿಂದ ಒಳಕ್ಕೆ ನಾಲ್ಕು ಮೀಟರ್. ಜೋಸ್ಲಿನ್ ಅವರ ಹಿಂದಿನ ಕೋಣೆ. ನಿಜವಾದ ನಕ್ಷೆ ಬರೆದು ಜೊತೆಗಿಟ್ಟಿದ್ದೇನೆ. ಮನೆ ಬಿಡಿ. ಎಲ್ಲರಿಗೂ ಹೇಳು. ಲಕ್ಷಿತನಿಗೆ ಇದನ್ನು ಓದಿಸು.

ನೀನು ಗೋಡೆಯ ಆಚೆ ನಿಲ್ಲುವವನ ಬಗ್ಗೆ ಬರೆದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಬಂದನಲ್ಲ ಎನಿಸಿತು.

ಮೂರ್ತಿ


ರೂವಿ, ಮಸ್ಕತ್
16 ಮಾರ್ಚ್ 2025

ಶ್ರೀ ಶ್ರೀನಿವಾಸಮೂರ್ತಿ ಅವರಿಗೆ,

ನಿಮ್ಮ ಸ್ಪೀಡ್ ಪೋಸ್ಟ್ ಹನ್ನೆರಡನೇ ತಾರೀಕು ಕೈಗೆ ಬಂತು. ನೀರು ಏಳನೇ ತಾರೀಕೇ ಬಂದಿತ್ತು.

ಮಳೆ ಬಂದರೆ ಹೊರಡಿ ಎಂದು ಬರೆದಿರಿ. ಮಳೆ ಬರಲೇ ಇಲ್ಲ. ರಂಜಾನಿನ ಶುಕ್ರವಾರ, ರಸ್ತೆಯಲ್ಲಿ ಒಂದು ಕಾರಿಲ್ಲ. ಅಂಗಳದಲ್ಲಿ ಬಟ್ಟೆ ಒಣಗುತ್ತಿತ್ತು. ಬೆಟ್ಟದ ತಲೆ ಮಾತ್ರ ಕಪ್ಪಾಗಿತ್ತು. ಕೀರ್ತನ್ ಬರ್ಕಾದಲ್ಲಿದ್ದರು. ಜೋಸ್ಲಿನ್ ನೈಟ್ ಡ್ಯೂಟಿ ಮುಗಿಸಿ ಬಂದು ಕೆಳಗೆ ಮಲಗಿದ್ದರು. ಮೂರು ಗಂಟೆಗೆ ಲಕ್ಷಿತ್ ಹಿಂದಿನ ಗೋಡೆಯ ಹತ್ತಿರ ನಿಂತಿದ್ದವನು ಒಮ್ಮೆಲೇ ಬೊಬ್ಬೆ ಹಾಕಿದ: "ಅಕ್ಕಾ, ಮೇಲೆ ಹೋಗಿ! ಟೆರೇಸಿಗೆ ಹೋಗಿ!" ಆಮೇಲೆ ಆ ಸದ್ದು. ನೀವು ಬರೆದಿದ್ದೀರಲ್ಲ, ಕಲ್ಲುಗಳು ಉರುಳುವ ಸದ್ದು. ಅದನ್ನು ನಾನೂ ಕೇಳಿದೆ.

ಹಿಂದಿನ ಕಾಂಪೌಂಡ್ ಗೋಡೆ ಬಿಸ್ಕತ್ತಿನ ಹಾಗೆ ಮುರಿಯಿತು. ಲಕ್ಷಿತ್ ಮುಂದಿನ ಕಿಟಕಿ ಒಡೆದು ಒಳಗೆ ನುಗ್ಗಿ, ಜೋಸ್ಲಿನ್ ಅವರನ್ನು ಎಳೆದು ಮೆಟ್ಟಿಲಿಗೆ ತಂದ. ಕಪಾಟು ಬಿದ್ದು ಅವರ ಕಾಲು ಎರಡು ಕಡೆ ಮುರಿದಿದೆ. ಜೀವ ಉಳಿದಿದೆ. ನೀರು ಇಳಿದ ಮೇಲೆ ಅವರ ಕೋಣೆಗೆ ಹೋಗಿ ನೋಡಿದೆ. ಕೆಸರು ಆ ಬಿಳಿ ಗೆರೆಯವರೆಗೇ ಬಂದು ನಿಂತಿತ್ತು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ವಿಕ್ಟರ್ ಅವರ ಶೆಡ್ಡು ಇರಲಿಲ್ಲ. ನಾನು ಮತ್ತು ಅಪೇಕ್ಷಾ ಟೆರೇಸಿನಿಂದ ನೋಡಿದೆವು. ತಗಡಿನ ಹಾಳೆಯೊಂದನ್ನು ಹಿಡಿದು ಅವರು ಹೋಗುತ್ತಿದ್ದರು. ಒಂದು ಕೈ ಎತ್ತಿದರು. ಅಪೇಕ್ಷಾ ತಿರುಗಿ ಕೈ ಬೀಸಿದಳು. "ಅಮ್ಮಾ, ವೇರ್ ಈಸ್ ವಿಕ್ಟರ್ ಅಂಕಲ್ ಗೋಯಿಂಗ್?" ಎಂದಳು. ಮರುದಿನ ಅಂಡರ್‌ಪಾಸಿನಲ್ಲಿ ಸಿಕ್ಕರು.

ಕೀರ್ತನ್‌ನ ಆಫೀಸಿನ ಪೋಸ್ಟ್ ಬಾಕ್ಸಿನಿಂದ ನಿಮ್ಮ ಲಕೋಟೆ ಬಂದಾಗ ನಾವು ಗೆಳೆಯರ ಹಾಲ್‌ನಲ್ಲಿ ಚಾಪೆ ಹಾಸಿಕೊಂಡಿದ್ದೆವು. ಓದಿದೆ. ನನ್ನ ಮೊದಲ ಕಾಗದ ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ನಂಬರ್ ನಲವತ್ತಾರು ಎಂದು ಬರೆದೆ. ಅವತ್ತೇ ನಿಮಗೆ ಎಲ್ಲ ಗೊತ್ತಿತ್ತು. ಎಡಗೈ ಬಗ್ಗೆ ಕೇಳಲು ಎರಡು ತಿಂಗಳು ತೆಗೆದುಕೊಂಡಿರಿ. ಸತ್ತವನಿಗೆ ಹೆದರಿದಿರಿ. ಬದುಕಿರುವ ನಾವು ನಿಮಗೆ ಕಾಣಿಸಲಿಲ್ಲವೇ?

ಲಕ್ಷಿತ್‌ಗೆ ಓದಲು ಕೊಟ್ಟೆ. ಮೂರು ಸಲ ಓದಿದ. ಅಳಲಿಲ್ಲ. "ನಾಳೆ ಮಾಡುವನಾ ಅಂತ ಕೇಳಿದ್ರಂತೆ ಅಪ್ಪ" ಎಂದ. ಅಷ್ಟೇ. ಅಪ್ಪನ ಬಾಯಿಂದ ಬಂದ ಒಂದು ಮಾತು ಅವನಿಗೆ ಸಿಕ್ಕಿದ್ದು ಅದೇ ಮೊದಲಂತೆ. ಆ ಸಾಲಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತ.

ಅವನ ಅಮ್ಮನಿಗೆ ಫೋನಿನಲ್ಲಿ ಹೇಳಲು ಅವನಿಂದ ಆಗುವುದಿಲ್ಲವಂತೆ. ಅವನ ರಜೆಗೆ ಇನ್ನೂ ಒಂದು ವರ್ಷವಿದೆ. ನೀವು ಹೋಗಿ ಹೇಳಬೇಕು. ಅವರ ಹೆಸರು ಅಪ್ಪಿ. ವಿಳಾಸ ಕೆಳಗಿದೆ. ಕಾಗದ ಬರೆಯಬೇಡಿ. ಹೋಗಿ.

ಇನ್ನು ನನಗೂ ಬರೆಯಬೇಕಾಗಿಲ್ಲ. ಹೋಗಿ ಬಂದರೆ ಮಾತ್ರ ಬರೆಯಿರಿ.

ಅಕ್ಷಿತಾ


ಬೆಳ್ತಂಗಡಿ
28 ಜುಲೈ 2025

ಅಕ್ಷಿತಾಳಿಗೆ,

ನಿನ್ನೆ ಹೋಗಿದ್ದೆ. ನಾಲ್ಕು ತಿಂಗಳು ತಡ ಮಾಡಿದ್ದಕ್ಕೆ ಕಾರಣ ಹೇಳುವುದಿಲ್ಲ. ಮೊದಲ ತಿಂಗಳು ಕಿಶೋರನಿಗೆ ಎಲ್ಲ ಹೇಳಿದೆ. ಆಮೇಲೆ ನಡೆದದ್ದನ್ನು ಹೇಳಿಕೆಯಾಗಿ ಬರೆದು, ನೋಟರಿಯ ಮುಂದೆ ಸಹಿ ಹಾಕಿ, ನಕ್ಷೆಯ ಜೊತೆ ಲಕ್ಷಿತನಿಗೂ ಝಕರಿಯಾಗೂ ಕಳಿಸಿದೆ. ಅದನ್ನು ಯಾವ ಕಚೇರಿಗೆ ಬೇಕಾದರೂ ಒಯ್ಯಲಿ. ಎಲ್ಲಿಗೆ ಕರೆದರೂ ಬರುತ್ತೇನೆ ಎಂದು ಅದರಲ್ಲೇ ಬರೆದಿದ್ದೇನೆ. ವಿಕ್ಟರ್ ಅವರ ಮನೆಯವರ ವಿಳಾಸ ಸಿಕ್ಕರೆ ಅವರಲ್ಲಿಗೂ ಹೋಗಬೇಕು.

ಕಿಶೋರ್ ನನ್ನನ್ನು ಕಾರಿನಲ್ಲಿ ಕರೆತಂದ. ಅವನು ರಸ್ತೆಯಲ್ಲೇ ಉಳಿದ, ನಾನು ಒಬ್ಬನೇ ನಡೆದು ಹೋದೆ. ಸಣ್ಣ ಹಂಚಿನ ಮನೆ, ಮುಂದೆ ಸಿಮೆಂಟಿನ ಜಗಲಿ. ಅಪ್ಪಿ ಬೀಡಿ ಕಟ್ಟುತ್ತ ಕೂತಿದ್ದರು. ಐವತ್ತು ದಾಟಿರಲಿಕ್ಕಿಲ್ಲ. ಅಂಗಾರನ ಅಣ್ಣನ ಮಗಳು ಸೌಮ್ಯಶ್ರೀ ಎಂಬ ಹುಡುಗಿ, ಪಿ.ಯು.ಸಿ. ಓದುತ್ತಾಳೆ, ಪಕ್ಕದಲ್ಲಿದ್ದಳು. ನನಗೆ ಕಿವಿ ಕೇಳುವುದಿಲ್ಲವೆಂದು ಸನ್ನೆ ಮಾಡಿದೆ. ಅವಳು ಒಳಗಿನಿಂದ ನೋಟ್‌ಬುಕ್ ತಂದಳು. ಅಪ್ಪಿ ತುಳುವಿನಲ್ಲಿ ಹೇಳಿದ್ದನ್ನು ಅವಳು ಕನ್ನಡದಲ್ಲಿ ಬರೆದು ತೋರಿಸುತ್ತಿದ್ದಳು.

ನಾನು ಎಲ್ಲ ಹೇಳಿದೆ. ನಿನಗೆ ಬರೆದದ್ದಕ್ಕಿಂತ ಒಂದಕ್ಷರ ಕಡಿಮೆ ಮಾಡಲಿಲ್ಲ. ಅವನು ಸ್ನಾನಕ್ಕೆ ಇಳಿದವನಲ್ಲ, ನಾನು ಇಳಿಸಿದವನು ಎಂದೆ. ಮೋಡ ಕಂಡಿತ್ತು ಎಂದೆ. ಹೇಳುತ್ತಿದ್ದಷ್ಟು ಹೊತ್ತೂ ಅವರು ನನ್ನ ಮುಖ ನೋಡಲಿಲ್ಲ, ಎಲೆ ಕತ್ತರಿಸುತ್ತಲೇ ಇದ್ದರು. ಸೌಮ್ಯಶ್ರೀ ಅಳುತ್ತಿದ್ದಳು. ಅವಳ ಅಪ್ಪ ಗದ್ದೆಯಿಂದ ಬಂದು ಅಂಗಳದಲ್ಲಿ ನಿಂತವರು ಒಮ್ಮೆ ನನ್ನ ಕಡೆ ಎರಡು ಹೆಜ್ಜೆ ಮುಂದೆ ಬಂದರು. ಅಪ್ಪಿ ಕೈ ಎತ್ತಿ ತಡೆದರು.

ಹುಡುಗಿ ಬರೆದಳು: "ಜಾಗದ ಹೆಸರು ಇನ್ನೊಮ್ಮೆ ಹೇಳಬೇಕಂತೆ."

"ಸಿದ್ರ" ಎಂದೆ. "ಹಲ್ಲತ್ ಸಿದ್ರ." ಅಪ್ಪಿಯ ತುಟಿ ಅದನ್ನು ಹೇಳಿ ನೋಡಿತು. ಮತ್ತೊಮ್ಮೆ ಹೇಳಿತು.

ಆಮೇಲೆ ಹುಡುಗಿ ಬರೆದು ತೋರಿಸಿದಳು: "ಅವತ್ತು ಚಿಕ್ಕಪ್ಪ ಊಟ ಮಾಡಿದ್ದರಾ ಅಂತ ಕೇಳ್ತಿದ್ದಾರೆ."

ಈ ಒಂದು ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದೆ. ಅವರಿಗೆ ಸಮಾಧಾನವಾಗಲಿ ಎಂದು, ಹಳೆಯ ಅಭ್ಯಾಸ. ಆದರೆ ಆ ಕ್ಷಣಕ್ಕೆ ನೆನಪಿಗೆ ಬಂತು. ಬುತ್ತಿ ಪಿಕಪ್ಪಿನಲ್ಲಿ ಹೋಗಿಬಿಟ್ಟಿತ್ತು. ಮಹ್ರೂಫ್ ನಮಾಜು ಮುಗಿಸಿ ತರಬೇಕಿತ್ತು. ಅಂಗಾರ ಬೆಳಿಗ್ಗೆ ಕುಡಿದ ಚಹಾದ ಮೇಲಿದ್ದ.

"ಇಲ್ಲಮ್ಮಾ" ಎಂದೆ. "ಹಸಿದಿದ್ದ."

ಅವರು ಬೀಡಿಯ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಹಾಗೇ ಇದ್ದೆ. ಸಂಜೆ ಐದರ ಹೊತ್ತಿಗೆ ಹೊಗೆ ಕಂಡಿತು, ಕುಚ್ಚಲಕ್ಕಿ ಬೇಯುವ ವಾಸನೆ, ಮೀನು ಹುರಿಯುವ ವಾಸನೆ. ಆಟಿಯಲ್ಲಿ ಮನೆಯವರು ಸತ್ತವರಿಗೆ ಬಡಿಸುವ ದಿನ ಇನ್ನೂ ಒಂದು ವಾರ ಮುಂದಿತ್ತಂತೆ. ಅದಕ್ಕೆ ಕಾಯಲಿಲ್ಲ. ಜಗಲಿಯ ಪಡುವಣದ ತುದಿಯಲ್ಲಿ ಬಾಳೆಯೆಲೆ ಹಾಸಿ ಬಡಿಸಿದರು. ಅಂಗಾರನ ಅಣ್ಣ ಅಂಗಳದ ಅಂಚಿಗೆ ಹೋಗಿ ಕರೆಯಲು ನಿಂತರು. ಅಪ್ಪಿ ಬೇಡವೆಂದು ತಲೆಯಲ್ಲಾಡಿಸಿ, ಹುಡುಗಿಗೆ ಏನೋ ಹೇಳಿದರು.

ಹುಡುಗಿ ಬರೆಯಲು ಹಿಂಜರಿದಳು. ಆಮೇಲೆ ಬರೆದಳು.

"ನೀವೇ ಕರೆಯಬೇಕಂತೆ. ಕಳಿಸಿದ್ದು ನೀವಲ್ವಾ, ನೀವು ಕರೆಯದೆ ಅವರು ಕೆಲಸ ಬಿಟ್ಟು ಬರುವುದಿಲ್ಲ ಅಂತ ಹೇಳ್ತಿದ್ದಾರೆ."

ನಾನು ಎದ್ದೆ. ಅಂಗಳದ ತುದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತೆ. ನನ್ನ ಸ್ವರ ನನಗೆ ಕೇಳದೆ ಮೂರು ವರ್ಷವಾಯಿತು ಅಕ್ಷಿತಾ. ಗಂಟಲು ನಡುಗಿದ್ದು ಮಾತ್ರ ಗೊತ್ತಾಗುತ್ತದೆ. ಸಿದ್ರದ ಹೆಸರು ಹೇಳಿದೆ. ಅವನ ಹೆಸರು ಹೇಳಿದೆ. ಸಾಕು ಬಾರಯ್ಯಾ, ಕೆಲಸ ಮುಗಿಯಿತು, ಊಟಕ್ಕೆ ಬಾ ಎಂದೆ. ಮೂರು ಸಲ ಕರೆದೆ.

ಎಷ್ಟು ಜೋರಾಗಿ ಕೂಗಿದೆನೋ ನನಗೆ ತಿಳಿಯದು. ತಿರುಗಿ ನೋಡಿದಾಗ ಸುತ್ತಲಿನ ಮನೆಗಳವರೆಲ್ಲ ಹೊರಗೆ ಬಂದು ನಿಂತಿದ್ದರು.

ಶ್ರೀನಿವಾಸಮೂರ್ತಿ